ಒಂದೇ ಮುತ್ತಿಗೆ, ಎರಡು ಕಾಯಿಲೆ

ಟೈಗ್ರಿಸ್ ನದಿ ಕೊಕ್ಕೆಯಂತೆ ಬಾಗುವ ಜಾಗದಲ್ಲಿ ಕೂಟ್ ಎಂಬ ಊರಿದೆ, ಇಂದಿನ ಇರಾಕಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಜನರಲ್ ಟೌನ್‌ಶೆಂಡ್‌ನ ಸೈನ್ಯ ಅಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿಬಿತ್ತು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ಹೊರಗಿನಿಂದ ಅನ್ನದ ದಾರಿ ಮುಚ್ಚಿತ್ತು. ಕೊನೆಗೆ ವಿಮಾನಗಳಿಂದ ಹಿಟ್ಟಿನ ಮೂಟೆ ಕೆಡವಿದರು. ಹೊಟ್ಟೆಗಳ ಲೆಕ್ಕಕ್ಕೆ ಅದು ಏನೇನೂ ಸಾಲಲಿಲ್ಲ.

ಆ ಸೈನ್ಯದಲ್ಲಿ ಬ್ರಿಟಿಷರೂ ಇದ್ದರು, ಅವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಭಾರತೀಯರೂ ಇದ್ದರು. ಕುಡಿದದ್ದು ಒಂದೇ ನದಿಯ ನೀರು, ಮಲಗಿದ್ದು ಒಂದೇ ಕೆಸರಿನ ಕಂದಕಗಳಲ್ಲಿ. ಆದರೂ ಬ್ರಿಟಿಷ್ ಸೈನಿಕರನ್ನು ಬೆರಿಬೆರಿ ಹಿಡಿಯಿತು, ಭಾರತೀಯರನ್ನು ಸ್ಕರ್ವಿ. ಗಾಳಿಯಿಂದಲೋ ನೀರಿನಿಂದಲೋ ಬಂದ ರೋಗವಾಗಿದ್ದರೆ ಹೀಗೆ ಪಂಕ್ತಿ ನೋಡಿ ಹಂಚಿಕೊಳ್ಳುತ್ತಿರಲಿಲ್ಲ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ.

ಬ್ರಿಟಿಷರ ಪಡಿತರದ ಆಧಾರ ಬಿಳಿ ಹಿಟ್ಟಿನ ಬ್ರೆಡ್ಡು ಮತ್ತು ಡಬ್ಬಿಯ ಮಾಂಸ. ಗೋಧಿಯನ್ನು ಬೆಳ್ಳಗೆ ಮಾಡುವಾಗ ತವುಡೂ ಮೊಳಕೆಯ ಭಾಗವೂ ಹೊರಗೆ ಹೋಗುತ್ತವೆ. ಬಿ1 ಜೀವಸತ್ವ, ಅಂದರೆ ಥಯಮಿನ್, ಇರುವುದು ಬಹುಪಾಲು ಅಲ್ಲೇ. ತಿಂದ ಪಿಷ್ಟವನ್ನು ಶಕ್ತಿಯಾಗಿಸಲು ದೇಹಕ್ಕೆ ಥಯಮಿನ್ ಬೇಕೇ ಬೇಕು. ಅದು ತೀರಿದರೆ ನರಗಳು ಸೋಲುತ್ತವೆ, ಕಾಲು ಜೋಮು ಹಿಡಿದು ಊದಿಕೊಳ್ಳುತ್ತದೆ, ಹೃದಯವೇ ದಣಿಯುತ್ತದೆ. ಭಾರತೀಯರು ತಿನ್ನುತ್ತಿದ್ದ ಅಟ್ಟಾದಲ್ಲಿ ತವುಡು ಉಳಿದಿತ್ತು, ಹಾಗಾಗಿ ಅವರು ಬಚಾವಾದರು. ಮುಂದೆ ಬಿಳಿ ಹಿಟ್ಟು ಮುಗಿದು ಬ್ರಿಟಿಷರೂ ಬಾರ್ಲಿ ಹಿಟ್ಟಿನ ರೊಟ್ಟಿಗೆ ಇಳಿದಾಗ ಅವರ ಬೆರಿಬೆರಿಯೂ ಇಳಿಯಿತು. ಪಡಿತರ ಕೆಟ್ಟಂತೆ ಕಂಡ ಹೊತ್ತಿನಲ್ಲೇ ಆರೋಗ್ಯ ಸುಧಾರಿಸಿತು!

ಸ್ಕರ್ವಿಯ ಕತೆ ಹೆಚ್ಚು ನೋವಿನದು. ಚರ್ಮ, ಒಸಡು, ರಕ್ತನಾಳಗಳನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನು ಗಟ್ಟಿಯಾಗಲು ಸಿ ಜೀವಸತ್ವ ಬೇಕು. ನಮ್ಮ ದೇಹ ಅದನ್ನು ತಯಾರಿಸಿಕೊಳ್ಳಲಾರದು. ತಿಂಗಳುಗಟ್ಟಲೆ ಸಿಗದಿದ್ದರೆ ಒಸಡಿನಲ್ಲಿ ರಕ್ತ ಜಿನುಗುತ್ತದೆ, ಮಾಯ್ದ ಗಾಯಗಳೂ ಬಾಯಿ ಬಿಡುತ್ತವೆ. ಕೂಟ್‌ನಲ್ಲಿ ತರಕಾರಿ ಇರಲಿಲ್ಲ. ಬ್ರಿಟಿಷರು ಕುದುರೆಯ ತಾಜಾ ಮಾಂಸ ಬೇಯಿಸಿ ತಿಂದರು, ಅದರಿಂದ ಸಿ ಜೀವಸತ್ವ ಅಷ್ಟಿಷ್ಟು ದಕ್ಕಿತು. ಭಾರತೀಯರಲ್ಲಿ ಬಹಳಷ್ಟು ಜನ ಕೊನೆಯ ವಾರಗಳವರೆಗೂ ಅದನ್ನು ಮುಟ್ಟಲಿಲ್ಲ. ಕಂದಕದ ಸುತ್ತ ಬೆಳೆದ ಕಾಡುಸೊಪ್ಪು ಕಿತ್ತು ಬೇಯಿಸಿದರು. ಕುದುರೆ ಮಾಂಸ ಒಲ್ಲದ್ದನ್ನು ಅವರ ಹಟವೆಂದು ದೂರಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕುದುರೆ ತಿನ್ನುವ ಪ್ರಶ್ನೆ ಏಳುವ ಮೊದಲೇ ತಪ್ಪಾಗಿತ್ತು: ರೊಟ್ಟಿ, ಬೇಳೆ, ತುಪ್ಪ ಕೊಟ್ಟರೆ ಸಿಪಾಯಿಗೆ ಸಾಕೆಂದುಕೊಂಡ ಪಡಿತರದ ಪಟ್ಟಿಯಲ್ಲೇ ಅದು ಇತ್ತು.

ಸ್ಕರ್ವಿಗೆ ಉತ್ತರ ಸಿಕ್ಕಿದ್ದು ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ. ಅಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಂಗಡಿಗ ಮಹಿಳಾ ವಿಜ್ಞಾನಿಗಳು ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡಿದರು. ಮನುಷ್ಯರಂತೆ ಆ ಪ್ರಾಣಿಗೂ ಸ್ಕರ್ವಿ ಬರುತ್ತದೆ. ಸೈನ್ಯ ನಂಬಿದ್ದ ವೆಸ್ಟ್ ಇಂಡೀಸ್‌ನ ಲೈಮ್ ಹಣ್ಣಿನ ರಸಕ್ಕೆ ಲೆಮನ್ ರಸದ ಸುಮಾರು ಕಾಲುಭಾಗ ಶಕ್ತಿಯಷ್ಟೇ ಇದೆ ಎಂದು ಅವರು ತೋರಿಸಿದರು. ಇನ್ನೊಂದು ಫಲಿತಾಂಶ ನಮ್ಮ ಅಡುಗೆಮನೆಗೆ ಬಲು ಹತ್ತಿರದ್ದು. ಒಣಗಿದ ಕಾಳಿನಲ್ಲಿ ಸಿ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಅದೇ ಕಾಳು ನೆನೆದು ಮೊಳಕೆಯೊಡೆದರೆ ಬೀಜ ತಾನೇ ಅದನ್ನು ತಯಾರಿಸತೊಡಗುತ್ತದೆ. ಸರ್ಬಿಯಾದ ಸೈನಿಕರಿಗೆ ಮೊಳಕೆಕಾಳು ಕೊಟ್ಟು ಸ್ಕರ್ವಿ ವಾಸಿಯಾದ ವರದಿ 1918ರಲ್ಲಿ ಪ್ರಕಟವಾಯಿತು. ಹೆಸರುಕಾಳನ್ನೋ ಹುರುಳಿಯನ್ನೋ ಒದ್ದೆ ಬಟ್ಟೆಯಲ್ಲಿ ಕಟ್ಟಿಡುವ ಮನೆಗಳಲ್ಲಿ ನಡೆಯುವುದೂ ಇದೇ ರಸಾಯನ. ಆದರೆ ಬೇಳೆಯಾಗಿ ಒಡೆದ ಕಾಳು ಮೊಳಕೆ ಬಿಡದು, ಇಡೀ ಕಾಳೇ ಬೇಕು; ಬಹಳ ಹೊತ್ತು ಕುದಿಸಲೂಬಾರದು.

ಕೂಟ್‌ನವರಿಗೆ ಈ ಉತ್ತರ ತಡವಾಗಿತ್ತು. ಶರಣಾದ ಸುಮಾರು 13 ಸಾವಿರ ಜನರಲ್ಲಿ ಬಹುಪಾಲು ಸೈನಿಕರನ್ನು ಮರಳುಗಾಡಿನ ಮೂಲಕ ಸೆರೆಗೆ ನಡೆಸಿಕೊಂಡು ಹೋದರು. ಸ್ಕರ್ವಿಯಿಂದ ಸಡಿಲಗೊಂಡ ಮೈಗಳಲ್ಲೇ ಹಲವರು ಆ ದಾರಿ ಹಿಡಿದರು.