ಕಡಲ ತಳಕ್ಕೆ ಇಳಿವ ಯಂತ್ರ: ಹುಡುಕೀತು, ಉಳಿಸೀತೇ?

ಕಡಲಿಗೆ ಹೋದವರು ಮರಳದಿದ್ದರೆ ಮನೆಯವರಿಗೆ ದೊಡ್ಡ ಸಂಕಟ ಯಾವುದು? ಯಾವ ಸುದ್ದಿಯೂ ಬಾರದಿರುವುದು. ಉತ್ತರಕ್ರಿಯೆ ಮಾಡುವುದೋ, ದಾರಿ ಕಾಯುವುದೋ ತಿಳಿಯದೆ ದಿನ ದೂಡಬೇಕು.

ಮಲ್ಪೆಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2018ರ ಡಿಸೆಂಬರಿನಲ್ಲಿ ಏಳು ಮಂದಿಯೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟು ಮಾಯವಾಯಿತು. ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ಅವಶೇಷ ಸಿಕ್ಕಿದ ಸುದ್ದಿ ಬಂದದ್ದು 2019ರ ಮೇ ತಿಂಗಳಲ್ಲಿ. ನೌಕಾಪಡೆಯ ‘ನಿರೀಕ್ಷಕ್’ ಹಡಗು ಸೋನಾರ್‌ನಿಂದ ಹುಡುಕಿ, ಮುಳುಗು ತಜ್ಞರನ್ನು ಇಳಿಸಿ ಖಚಿತಪಡಿಸಿಕೊಂಡಿತು.

ಮುಳುಗು ತಜ್ಞರೂ ಇಳಿಯಲಾರದ ಆಳವಾದರೆ? ಅಲ್ಲಿಗೆ ಈಗ ಯಂತ್ರಮಾನವ ಹೋಗುತ್ತಿದೆ. ಹೆಸರು ಹಾಗಿದ್ದರೂ ಕೈಕಾಲಿಲ್ಲ, ನೋಡಲು ಟಾರ್ಪಿಡೊ ಥರ. ನೀರಿನಡಿ ಜಿಪಿಎಸ್ ಸಿಗದು, ರೇಡಿಯೋ ನಡೆಯದು. ಹಾಗಾಗಿ ಮೊದಲೇ ದಾರಿ ಹೇಳಿಕೊಟ್ಟು ಇಳಿಸುತ್ತಾರೆ. ಗದ್ದೆ ಉತ್ತಂತೆ ಸಾಲು ಸಾಲಾಗಿ ಓಡಾಡಿ, ಶಬ್ದ ಬಿಟ್ಟು, ಮರಳುವ ಪ್ರತಿಧ್ವನಿಯಿಂದ ತಳದ ಚಿತ್ರ ಬರೆದುಕೊಂಡು ಮೇಲೆ ಬರುತ್ತದೆ.

2016ರ ಜುಲೈ 22ರಂದು ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್‌ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ 29 ಮಂದಿಯೊಂದಿಗೆ ಬಂಗಾಳ ಕೊಲ್ಲಿಯಲ್ಲಿ ಕಾಣೆಯಾಯಿತು. ಹಡಗು, ವಿಮಾನಗಳು ಎಷ್ಟು ಅಲೆದರೂ ಸಿಗಲಿಲ್ಲ. ಕೊನೆಗೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಯಂತ್ರ 3,400 ಮೀಟರ್ ಆಳದಲ್ಲಿ ತೆಗೆದ ಚಿತ್ರಗಳಲ್ಲಿ ಅದರ ಅವಶೇಷ ಕಂಡಿತು. ರಕ್ಷಣಾ ಸಚಿವಾಲಯ ಇದನ್ನು ತಿಳಿಸಿದ್ದು 2024ರ ಜನವರಿಯಲ್ಲಿ. ಏಳೂವರೆ ವರ್ಷದ ಬಳಿಕ ಮನೆಯವರಿಗೆ ಒಂದು ಉತ್ತರ ಸಿಕ್ಕಿತು.

ಅರ್ಜೆಂಟೀನಾದಲ್ಲೂ ಅದೇ ಕಥೆ. 2017ರ ನವೆಂಬರಿನಲ್ಲಿ 44 ಮಂದಿಯೊಂದಿಗೆ ಮುಳುಗಿದ ‘ಸಾನ್ ಹುವಾನ್’ ಜಲಾಂತರ್ಗಾಮಿಯನ್ನು ಇಂಥ ಯಂತ್ರಗಳು ಹುಡುಕಿಕೊಟ್ಟದ್ದು ವರ್ಷದ ಮೇಲೆ.

ಓದುಗರು ಗಮನಿಸಬೇಕು. ‘ಶೋಧ ಮತ್ತು ರಕ್ಷಣೆ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಶೋಧವನ್ನು ಯಂತ್ರ ಮಾಡೀತು. ರಕ್ಷಣೆ ಮಾತ್ರ ಮೊದಲ ಕೆಲವು ಗಂಟೆಗಳ ಮಾತು. ಯಂತ್ರದ ಓಟ ಮನುಷ್ಯನ ಬಿರುಸು ನಡಿಗೆಯಷ್ಟೇ, ಕಡಲಿಗೋ ಮೇರೆಯಿಲ್ಲ. ಎಎನ್-32 ಸಿಕ್ಕಿದ್ದೂ ಅದು ಕೊನೆಗೆ ಇದ್ದ ಜಾಗ ಗೊತ್ತಿದ್ದುದರಿಂದ.

ಬೋಟು ಎಲ್ಲಿದೆ ಎಂದು ದಡಕ್ಕೆ ತಿಳಿಸುವ ಟ್ರಾನ್ಸ್‌ಪಾಂಡರ್ ಪೆಟ್ಟಿಗೆಯನ್ನು ಒಂದು ಲಕ್ಷ ಬೋಟುಗಳಿಗೆ ಉಚಿತವಾಗಿ ಹಾಕಿಸುವ ಯೋಜನೆಗೆ ಕೇಂದ್ರ ಸರಕಾರ 2024ರಲ್ಲಿ ಚಾಲನೆ ಕೊಟ್ಟಿದೆ. ಕರಾವಳಿ ಕಾವಲು ಪಡೆಯ 1554 ನಂಬರ್ ಇದೆ. ಆ ಪೆಟ್ಟಿಗೆ ನಿಮ್ಮ ಬೋಟಿಗೆ ಬಂದಿದೆಯೇ? ಬಂದಿದ್ದರೆ ಚಾಲೂ ಇದೆಯೇ? ಬಲೆಯನ್ನು ನೋಡಿಕೊಳ್ಳುವಷ್ಟೇ ಜತನದಿಂದ ಅದನ್ನೂ ನೋಡಿಕೊಂಡರೆ ತಳಕ್ಕೆ ಯಂತ್ರ ಇಳಿಸುವ ಪ್ರಸಂಗವೇ ಬಾರದೆ ಹೋದೀತು.