ಚೀಲದ ಮೇಲಿನ ಮೂರು ಅಂಕಿ

ಅಕ್ಕಂದಿರೇ, ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರಿದ್ದಾರೆ. ಅರ್ಧ ಎಕರೆ ಬಾಳೆ ಹಾಕಿದ್ದರು. ಸಂಘದಲ್ಲಿ ಸಾಲ ಎತ್ತಿ ಗೊಬ್ಬರ ತಂದಿದ್ದರು. ಗಿಡ ಸೊಂಪಾಗಿ ಬಂತು. ಎಲೆ ಕಡು ಹಸಿರು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಗೊನೆ ಬಿಟ್ಟಾಗ ಮಾತ್ರ ಕಾಯಿ ದಪ್ಪ ಆಗಲೇ ಇಲ್ಲ. ವ್ಯಾಪಾರಿ ಬಂದ, ನೋಡಿದ. "ಇದು ತೂಕ ಬರಲ್ಲ, ಹಣ್ಣಾದರೆ ತಡೆಯಲ್ಲ" ಅಂದ. ಅರ್ಧ ಬೆಲೆಗೆ ಕೇಳಿದ. ಬೇರೆ ದಾರಿ ಇಲ್ಲದೆ ಕೊಟ್ಟರು. ಸಾಲ ಹಾಗೇ ಉಳಿಯಿತು.

"ಇಷ್ಟೊಂದು ಗೊಬ್ಬರ ಹಾಕಿದೆನಲ್ಲ, ಎಲ್ಲಿ ತಪ್ಪಿತು?" ಎಂದು ಅಕ್ಕ ಕೇಳಿದರು.

"ಏನೇನು ಹಾಕಿದಿರಿ?"

"ಯೂರಿಯಾ, ಡಿಎಪಿ. ಇನ್ನೇನು ಹಾಕ್ತಾರೆ?"

ಖಾಲಿ ಚೀಲ ಮನೆಯಲ್ಲೇ ಇದ್ದವು. ತರಿಸಿದೆವು. ಪಾಠದ ಚಾಪೆಯ ಮೇಲೆ ಹರಡಿ ಎಲ್ಲರೂ ಸೇರಿ ಓದಿದೆವು. ಪಾಠ ಹೇಳುವ ನಮಗೂ ಆವರೆಗೆ ಆ ಅಂಕಿಗಳ ಅರ್ಥ ಗೊತ್ತಿರಲಿಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿ ಬಂದೆವು.

ಗೊಬ್ಬರದ ಚೀಲದ ಮೇಲೆ ಮೂರು ಅಂಕಿ ಇರುತ್ತವೆ. ಮೊದಲನೆಯದು ಸಾರಜನಕ. ಇದು ಎಲೆ, ಕಾಂಡ ಬೆಳೆಸುತ್ತದೆ. ಎರಡನೆಯದು ರಂಜಕ. ಇದು ಬೇರಿಗೆ ಬಲ. ಮೂರನೆಯದು ಪೊಟ್ಯಾಷ್. ಕಾಯಿ ತುಂಬುವುದು, ಹಣ್ಣು ಸಿಹಿಯಾಗುವುದು, ಕೊಯ್ದ ಮೇಲೆ ನಾಲ್ಕು ದಿನ ತಡೆಯುವುದು, ಇವೆಲ್ಲ ಬಹುಪಾಲು ಪೊಟ್ಯಾಷಿನ ಕೆಲಸ. ಡಿಎಪಿ ಚೀಲದ ಮೇಲೆ 18-46-0 ಅಂತ ಇತ್ತು. ಮೂರನೆಯ ಅಂಕಿ ಸೊನ್ನೆ! ಯೂರಿಯಾದಲ್ಲಿ 46 ಪಾಲು ಸಾರಜನಕ, ಬೇರೆ ಎರಡೂ ಇಲ್ಲ. ಅಂದರೆ ಅಕ್ಕನ ತೋಟಕ್ಕೆ ಎರಡು ಚೀಲದಿಂದಲೂ ಒಂದು ಚಿಟಿಕೆ ಪೊಟ್ಯಾಷ್ ಹೋಗಿರಲಿಲ್ಲ. ಸಾರಿಗೆ ಖಾರವನ್ನೇ ಹಾಕಿ ಉಪ್ಪು ಮರೆತ ಹಾಗೆ.

ಬಾಳೆಯೋ, ಪೊಟ್ಯಾಷನ್ನೇ ಹೆಚ್ಚು ಬೇಡುವ ಗಿಡ. ನಮ್ಮ ರಾಜ್ಯದಲ್ಲಿ ಹೇಳುವ ಲೆಕ್ಕ ಹೀಗಿದೆ. ಒಂದು ಗಿಡಕ್ಕೆ ವರ್ಷಕ್ಕೆ 180 ಗ್ರಾಂ ಸಾರಜನಕ, 108 ಗ್ರಾಂ ರಂಜಕ, 225 ಗ್ರಾಂ ಪೊಟ್ಯಾಷ್. ಪೊಟ್ಯಾಷ್ ಚೀಲದಲ್ಲಿ 100ಕ್ಕೆ 60 ಪಾಲು ಪೊಟ್ಯಾಷ್ ಇರುತ್ತದೆ. ಆದ್ದರಿಂದ ಗಿಡಕ್ಕೆ ಆ ಗೊಬ್ಬರ 375 ಗ್ರಾಂ ಬೇಕು. ಒಂದೇ ಸಲ ಸುರಿಯಬಾರದು. ಕಂತು ಕಂತಾಗಿ, ಬುಡದಿಂದ ದೂರಕ್ಕೆ ಸುತ್ತಲೂ ಹಾಕಿ, ಮಣ್ಣು ಮುಚ್ಚಿ, ನೀರು ಕೊಡಬೇಕು.

ಯೂರಿಯಾ ಅತಿಯಾದರೆ ಗಿಡ ನೋಡಲು ಚೆಂದ. ಆದರೆ ಕಾಂಡ ಮೆತ್ತಗೆ, ಹಣ್ಣು ಮೆತ್ತಗೆ. ಗಾಳಿ ಬಂದರೆ ಗಿಡ ಬೀಳುತ್ತದೆ.

ಪೊಟ್ಯಾಷ್ ಕಡಿಮೆ ಆಗಿದ್ದನ್ನು ಗಿಡವೇ ಹೇಳುತ್ತದೆ. ಕೆಳಗಿನ ಹಳೆ ಎಲೆಯ ಅಂಚು ಹಳದಿಯಾಗಿ ಒಣಗುತ್ತಾ ಬರುತ್ತದೆ. ಆದರೆ ಸೊರಗು ರೋಗದಲ್ಲೂ ಹಳೆ ಎಲೆಯೇ ಮೊದಲು ಹಳದಿಯಾಗುವುದು. ನಂಜನಗೂಡಿನ ರಸಬಾಳೆ ತೋಟಗಳನ್ನು ಹಾಳು ಮಾಡಿದ್ದು ಇದೇ ರೋಗ. ಅನುಮಾನ ಬಂದರೆ ಒಂದು ಗಿಡದ ಕಾಂಡ ಕೊಯ್ದು ನೋಡಿ. ಒಳಗೆ ಕಂದು ಗೆರೆ ಇದ್ದರೆ ಅದು ರೋಗ. ಅದಕ್ಕೆ ಯಾವ ಗೊಬ್ಬರವೂ ಮದ್ದಲ್ಲ, ದುಡ್ಡು ಸುರಿಯಬೇಡಿ.

ಹಿಂದೆ ಎಷ್ಟೋ ಜನ ಚೀಲದ ಬಣ್ಣ, ಚಿತ್ರ ನೋಡಿ ಗೊಬ್ಬರ ಗುರುತಿಸುತ್ತಿದ್ದರು. 2022ರ ಅಕ್ಟೋಬರಿನಿಂದ ಸರ್ಕಾರದ ಸಬ್ಸಿಡಿ ಗೊಬ್ಬರಕ್ಕೆಲ್ಲ 'ಭಾರತ್' ಅಂತ ಒಂದೇ ಹೆಸರು ಬಂತು. ಚೀಲಗಳೂ ಒಂದೇ ಥರ ಕಾಣುತ್ತವೆ. ಈಗ ಅಕ್ಷರ, ಅಂಕಿ ಓದಿಯೇ ತಿಳಿಯಬೇಕು. ಅಂಗಡಿಯಲ್ಲಿ ನಿಂತು ಓದಲು ನಾಚಬೇಡಿ. ದುಡ್ಡು ನಿಮ್ಮದು.

ಇನ್ನು ಮಣ್ಣಿನ ಮಾತು. ಮಣ್ಣು ಗಟ್ಟಿಯಾಗಿ ಸತ್ತಿದ್ದರೆ ಚೀಲದ ಗೊಬ್ಬರ ಹಾಕಿಯೂ ಫಲವಿಲ್ಲ. ನೀರಿನ ಜೊತೆ ಹರಿದು ಹೋಗುತ್ತದೆ. ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಹಸಿರೆಲೆ ಹಾಕಿದರೆ ಮಣ್ಣು ಹುಡಿಯಾಗುತ್ತದೆ. ನೀರನ್ನೂ ಸಾರವನ್ನೂ ಹಿಡಿದುಕೊಳ್ಳುತ್ತದೆ. ಮಲೆನಾಡು, ಕರಾವಳಿಯಲ್ಲಿ ಜೋರು ಮಳೆಗೆ ಮಣ್ಣಿನ ಸುಣ್ಣದಂಶ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ಅಲ್ಲಿ ಸುಣ್ಣ ಹಾಕುತ್ತಾರೆ. ನೀರು ಇಂಗದೆ ನಿಲ್ಲುವ ಚೌಳು ಮಣ್ಣಿಗೆ ಜಿಪ್ಸಂ. ಇದನ್ನು ಅದಕ್ಕೆ, ಅದನ್ನು ಇದಕ್ಕೆ ಹಾಕಿದರೆ ಕೆಟ್ಟಿತು.

ಒಲೆಯ ಬೂದಿ ಎಸೆಯುತ್ತೀರಾ? ಕಟ್ಟಿಗೆ ಬೂದಿಯಲ್ಲೂ ಸ್ವಲ್ಪ ಪೊಟ್ಯಾಷ್ ಇದೆ. ಬಾಳೆ ಬುಡಕ್ಕೆ ಹಾಕಬಹುದು. ಈಗ ಗ್ಯಾಸ್ ಬಂದು ಬೂದಿಯೂ ಕಮ್ಮಿ, ಬಿಡಿ. ಆದರೆ ಬೂದಿಯನ್ನು ಯೂರಿಯಾ ಜೊತೆ, ಹಸಿ ಸಗಣಿ ಜೊತೆ ಬೆರೆಸಬೇಡಿ. ಘಾಟು ವಾಸನೆ ಬರುತ್ತದೆ. ಅದು ಸಾರಜನಕ ಗಾಳಿಗೆ ಹೋಗುವ ವಾಸನೆ.

ನಿಮ್ಮ ಹೊಲಕ್ಕೆ ಏನು ಬೇಕು ಅಂತ ತಿಳಿಯಲು ಮಣ್ಣು ಪರೀಕ್ಷೆ ಮಾಡಿಸಬೇಕು. ಗೊಬ್ಬರ ಹಾಕುವ ಮೊದಲೇ ಮಣ್ಣು ತೆಗೆಯಿರಿ. ಬದು, ತಿಪ್ಪೆ, ಮರದ ನೆರಳು ಬಿಟ್ಟು ಎಂಟು ಹತ್ತು ಕಡೆ ಒಂದು ಅಡಿ ಆಳದವರೆಗೆ ತೆಗೆದು ಬೆರೆಸಿ. ಅರ್ಧ ಕಿಲೋ ಉಳಿಸಿಕೊಂಡು ನೆರಳಲ್ಲಿ ಒಣಗಿಸಿ. ಬಟ್ಟೆ ಚೀಲಕ್ಕೆ ತುಂಬಿ, ಹೆಸರು, ಊರು, ಸರ್ವೆ ನಂಬರು, ಬೆಳೆ ಬರೆದ ಚೀಟಿ ಇಟ್ಟು, ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ.

ನಮ್ಮ ಅಕ್ಕ ಈ ಸಲ ಕೊಟ್ಟು ಬಂದಿದ್ದಾರೆ. ಚೀಟಿಯನ್ನು ತಾವೇ ಬರೆದರು. 'ಬಾಳೆ' ಬರೆಯುವಾಗ ಳ ಬದಲು ಲ ಬಂತು. ಅಳಿಸಿ ಸರಿ ಮಾಡಿದರು.