ಹದಿಹರೆಯದವರ ಮಾದಕವಸ್ತು ವ್ಯಸನ ಮತ್ತು ಕೌಟುಂಬಿಕ ಚಿಕಿತ್ಸೆ: ಒಂದು ಸಾಂಸ್ಕೃತಿಕ ವಿವೇಚನೆ

ಹದಿಹರೆಯದವರ ಮಾದಕವಸ್ತು ವ್ಯಸನವನ್ನು ವ್ಯಕ್ತಿಯ ದೌರ್ಬಲ್ಯವೆಂದೋ ಸಹವಾಸದೋಷವೆಂದೋ ಪರಿಗಣಿಸುವುದು ರೂಢಿ. ಕೌಟುಂಬಿಕ ಚಿಕಿತ್ಸೆಯ ದೃಷ್ಟಿ ಬೇರೆಯದು. ಮನೆಯ ಸದಸ್ಯರು ಪರಸ್ಪರ ನಡೆದುಕೊಳ್ಳುವ ಬಗೆಯು ವ್ಯಸನದ ಮುಂದುವರಿಕೆಗೆ ಆಸ್ಪದವಾಗಬಹುದು, ಆ ಬಗೆ ಬದಲಾದರೆ ಮಗುವಿನ ವರ್ತನೆಯೂ ಬದಲಾದೀತು ಎಂಬುದು ಅದರ ತಳಹದಿ. ಈ ಚಿಕಿತ್ಸೆಯ ಪ್ರಮುಖ ಶಾಖೆಯೊಂದು ವಲಸೆ ಸಮುದಾಯದ ಬಂಧುತ್ವ ಮೌಲ್ಯಗಳ ಅಧ್ಯಯನದಿಂದ ರೂಪುಗೊಂಡಿತೆಂಬುದು ಜಾನಪದ ವಿದ್ವಾಂಸರು ಗಮನಿಸಬೇಕಾದ ಸಂಗತಿ.

1959ರ ಕ್ರಾಂತಿಯ ತರುವಾಯ ಕ್ಯೂಬಾದ ಅಸಂಖ್ಯ ಕುಟುಂಬಗಳು ಅಮೆರಿಕದ ಮಯಾಮಿ ನಗರಕ್ಕೆ ವಲಸೆ ಬಂದವು. ಮಕ್ಕಳು ಹೊಸ ನಾಡಿನ ಭಾಷೆಯನ್ನೂ ವ್ಯಕ್ತಿಸ್ವಾತಂತ್ರ್ಯದ ಕಲ್ಪನೆಯನ್ನೂ ಬೇಗನೆ ಮೈಗೂಡಿಸಿಕೊಂಡರು; ತಂದೆತಾಯಿಗಳು ಹಿರಿಯರ ಮಾತಿಗೆ ಮನ್ನಣೆಯಿದ್ದ ಹಳೆಯ ಕಟ್ಟಳೆಯಲ್ಲಿಯೇ ಉಳಿದರು. ಮಗ ದೂರ ಸರಿದಷ್ಟೂ ಹಿರಿಯರ ಬಿಗಿ ಹೆಚ್ಚಿತು, ಬಿಗಿ ಹೆಚ್ಚಿದಷ್ಟೂ ಮಗ ದೂರ ಸರಿದನು. ಮಯಾಮಿ ವಿಶ್ವವಿದ್ಯಾಲಯದ ಹೊಸೆ ಸಾಪೊಚ್ನಿಕ್ ಮತ್ತು ಸಹೋದ್ಯೋಗಿಗಳು 1970ರ ದಶಕದಲ್ಲಿ ಈ ಬಿರುಕನ್ನು ಗುರುತಿಸಿ, ಸಾಲ್ವಡಾರ್ ಮಿನೂಚಿನ್ ಮತ್ತು ಜೇ ಹೇಲಿಯವರ ವಿಚಾರಗಳ ಆಧಾರದ ಮೇಲೆ ಅಲ್ಪಾವಧಿಯ ಚಿಕಿತ್ಸಾಕ್ರಮವೊಂದನ್ನು ರೂಪಿಸತೊಡಗಿದರು. ಸಾಮಾನ್ಯವಾಗಿ ಇದು 12ರಿಂದ 16 ಭೇಟಿಗಳಲ್ಲಿ ಮುಗಿಯುತ್ತದೆ.

ಇದರಲ್ಲಿ ಮೂರು ಘಟ್ಟಗಳಿವೆ. ಚಿಕಿತ್ಸಕರು ಮೊದಲು ಮನೆಯ ರೀತಿನೀತಿಗೆ ಹೊಂದಿಕೊಂಡು ವಿಶ್ವಾಸ ಗಳಿಸುತ್ತಾರೆ. ಅನಂತರ ಯಾರು ಯಾರ ಪಕ್ಷ, ಯಾರ ಮಾತು ನಡೆಯುತ್ತದೆ, ಯಾರು ಹೊರಗುಳಿದಿದ್ದಾರೆ ಎಂಬುದನ್ನು ಗುರುತಿಸುತ್ತಾರೆ. ಕೊನೆಯಲ್ಲಿ ಆ ಸಂಬಂಧಗಳನ್ನು ಮರುಜೋಡಿಸುತ್ತಾರೆ. ಮೊದಲೆರಡು ಘಟ್ಟಗಳು ಜಾನಪದ ಕ್ಷೇತ್ರಕಾರ್ಯಕ್ಕೆ ಅತಿ ಸಮೀಪವಾದವು.

ಚಿಕಿತ್ಸೆಗೆ ಬರಲೊಪ್ಪದ ಮಗ, ತನಗೆ ಸಂಬಂಧವಿಲ್ಲವೆನ್ನುವ ತಂದೆ, ಎಲ್ಲವನ್ನೂ ಮುಚ್ಚಿಡುವ ತಾಯಿ: ಈ ಹಿಂಜರಿಕೆಯೂ ಅದೇ ಸಂಬಂಧಜಾಲದ ಫಲವೆಂದು ಸಾಪೊಚ್ನಿಕ್ ತಂಡ ಭಾವಿಸಿತು. ಆದ್ದರಿಂದ ಮೊದಲ ದೂರವಾಣಿ ಮಾತುಕತೆಯಿಂದಲೇ ಚಿಕಿತ್ಸೆ ಆರಂಭವಾಗುತ್ತದೆ. 108 ಹಿಸ್ಪಾನಿಕ್ ಕುಟುಂಬಗಳನ್ನು ಕುರಿತ 1988ರ ಅಧ್ಯಯನದಲ್ಲಿ, ಈ ವಿಶೇಷ ವಿಧಾನದಿಂದ ಶೇ. 93ರಷ್ಟು ಕುಟುಂಬಗಳು ಚಿಕಿತ್ಸೆಗೆ ಬಂದರೆ, ಸಾಮಾನ್ಯ ವಿಧಾನದಿಂದ ಬಂದವು ಶೇ. 42ರಷ್ಟು ಮಾತ್ರ. ಆದರೆ 480 ಹದಿಹರೆಯದವರನ್ನು ಒಳಗೊಂಡ, 2011ರಲ್ಲಿ ಪ್ರಕಟವಾದ ಅಧ್ಯಯನವು ಕುಟುಂಬಗಳನ್ನು ಚಿಕಿತ್ಸೆಯಲ್ಲಿ ಉಳಿಸಿಕೊಳ್ಳುವಲ್ಲಿ ಈ ಕ್ರಮದ ಮೇಲ್ಮೆಯನ್ನು ದೃಢಪಡಿಸಿದರೂ, ಕಾಲಕ್ರಮದಲ್ಲಿ ವ್ಯಸನದ ಏರಿಳಿತದ ಮಟ್ಟಿಗೆ ಇತರ ಚಿಕಿತ್ಸೆಗಳಿಗಿಂತ ಸ್ಪಷ್ಟ ಅಂತರವನ್ನು ಕಾಣಲಿಲ್ಲ. ಹೀಗಾಗಿ ಇದನ್ನು ಸರ್ವರೋಗಕ್ಕೂ ಮದ್ದೆಂದು ಭಾವಿಸುವುದು ಸಲ್ಲದು. ಕುಟುಂಬವನ್ನು ದೂಷಿಸುವ ಸಾಧನವಾಗಿಸುವುದಂತೂ ಸರ್ವಥಾ ಸಲ್ಲದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಕೌಟುಂಬಿಕ ಚಿಕಿತ್ಸೆ ದಶಕಗಳಿಂದ ನಡೆದುಬಂದಿದೆ. ಸೋದರಮಾವನ ಮಾತಿಗೆ ತಂದೆಯ ಮಾತಿಗಿಂತ ಹೆಚ್ಚಿನ ತೂಕವಿರುವ, ಮೊಮ್ಮಗನ ಗುಟ್ಟು ಅಜ್ಜಿಗಷ್ಟೇ ತಿಳಿದಿರುವ ಮನೆಗಳು ನಮ್ಮಲ್ಲಿ ವಿರಳವಲ್ಲ. ಚಿಕಿತ್ಸೆಯ ಕೋಣೆಗೆ ಯಾರನ್ನು ಕರೆಯಬೇಕೆಂಬ ಪ್ರಶ್ನೆಗೆ ಉತ್ತರಿಸುವಲ್ಲಿ, ನಮ್ಮ ಬಂಧುತ್ವ ಅಧ್ಯಯನಗಳು ಮನೋವೈದ್ಯರಿಗೆ ನೆರವಾಗಬಲ್ಲವು.